ಕೈಯಿಂದ ಹಣ ತೆತ್ತು ಹಾಡುವವರು

ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಮಂಡ್ಯ, ತುಮಕೂರು, ಹಾಸನ ಜಿಲ್ಲೆಗಳ ಊರೂರುಗಳಲ್ಲಿ ‘ಕುರುಕ್ಷೇತ್ರ’ ನಾಟಕದ ದೊಡ್ಡ ದೊಡ್ಡ ಪಟಗಳು ಕಾಣಿಸಿಕೊಳ್ಳುತ್ತವೆ. ಪಟದ ತುಂಬ ಕಿರೀಟ ಧರಿಸಿದ ಮುಖಗಳು, ಅವುಗಳ ಕೆಳಗೆ ಹೆಸರುಗಳು. ದುರ್ಯೋಧನನಾಗಿ ಮೀಸೆ ತಿರುವಿ ನಿಂತವನು ಕಬ್ಬು ಬೆಳೆಯುವ ರೈತನು. ಶ್ರೀಕೃಷ್ಣನಾಗಿ ಕೊಳಲು ಹಿಡಿದವನು ಹಾಲಿನ ಸಂಘದ ಗುಮಾಸ್ತನು. ಶಕುನಿಯು ಸರಕಾರಿ ಬಸ್ಸಿನ ಕಂಡಕ್ಟರನು. ಇವರಲ್ಲಿ ಯಾರಿಗೂ ಈ ನಾಟಕದಿಂದ ಒಂದು ಕಾಸಿನ ಸಂಪಾದನೆಯಿಲ್ಲ. ಸಂಪಾದನೆಯ ಮಾತು ಹಾಗಿರಲಿ, ಪಾತ್ರವನ್ನು ಪಡೆಯುವುದಕ್ಕಾಗಿ ಇವರೇ ಕೈಯಿಂದ ಹಣ ಕೊಟ್ಟಿರುತ್ತಾರೆ. ಪದಗಳು ಹೆಚ್ಚಾಗಿರುವ ಪಾತ್ರಕ್ಕೆ ಹೆಚ್ಚು ಹಣ, ಎರಡು ಮಾತಾಡಿ ಒಳಗೆ ಹೋಗುವ ದೂತನ ಪಾತ್ರಕ್ಕೆ ಕಡಮೆ ಹಣ, ಹೀಗೆ ಕ್ರಮವು ಗೊತ್ತಾಗಿರುತ್ತದೆ. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಮೇಷ್ಟರ ಸಂಭಾವನೆ, ಸೀನರಿಯ ಬಾಡಿಗೆ, ವೇಷಭೂಷಣ, ಧ್ವನಿವರ್ಧಕ, ಸ್ತ್ರೀಪಾತ್ರಗಳಿಗಾಗಿ ಹೊರಗಿನಿಂದ ಬರುವ ಕಲಾವಿದೆಯರ ಗೌರವಧನ, ಇವೆಲ್ಲವೂ ಆ ಹಣದಿಂದಲೇ ನಡೆಯತಕ್ಕವು.

ಪಟ್ಟಣದ ವಿದ್ಯಾವಂತರು ಇದನ್ನು ಕೇಳಿ ನಗುವುದುಂಟು. ಹಣ ಕೊಟ್ಟು ಹಾಡು ಕೇಳುವವರನ್ನು ಅವರು ಬಲ್ಲರು. ಹಣ ಪಡೆದು ಹಾಡುವವರನ್ನೂ ಬಲ್ಲರು. ಹಣ ಕೊಟ್ಟು ಹಾಡುವವನು ಮಾತ್ರ ಅವರಿಗೆ ಒಗಟಾಗಿ ತೋರುತ್ತಾನೆ. ನಮಗಾದರೋ ಈ ಮೂರನೆಯವನೇ ನಾಡಿನ ಸಂಗೀತದ ಬೇರನ್ನು ಹಿಡಿದಿರುವವನೆಂದು ತೋರುತ್ತದೆ. ಆತನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ನಮಗೆ ಬಹುದಿನಗಳಿಂದ ಇಚ್ಛೆಯಿದ್ದಿತು.

ಇಂಥವರಿಗೆ ನಮ್ಮ ಹಿರಿಯರು ಕೊಟ್ಟ ಹೆಸರು ‘ವಿಲಾಸಿಗಳು’ ಎಂದು. 1904ರಲ್ಲಿ ಧಾರವಾಡದಲ್ಲಿ ಭಾರತ ಕಲೋತ್ತೇಜಕ ಸಂಘವೂ 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ನೂ ಹುಟ್ಟಿಕೊಂಡ ಕಾಲದಲ್ಲಿ ವಕೀಲರು, ಅಧ್ಯಾಪಕರು, ಕಚೇರಿಯ ನೌಕರರು ಸಂಜೆಯ ಹೊತ್ತು ಬಣ್ಣ ಹಚ್ಚಿಕೊಂಡು ಹಾಡತೊಡಗಿದರು. ಬಳ್ಳಾರಿ ರಾಘವರು ವೃತ್ತಿಯಿಂದ ವಕೀಲರು. ಕೈಲಾಸಂ ಅವರು ಓದಿದ್ದು ಭೂಗರ್ಭಶಾಸ್ತ್ರ. ಇಂದು ‘ವಿಲಾಸಿ’ ಎಂಬ ಶಬ್ದವು ಹಿಂದೆ ಸರಿದು ‘ಹವ್ಯಾಸಿ’ ಎಂಬುದು ರೂಢವಾಗಿದೆ. ಹೋದದ್ದು ಒಳ್ಳೆಯದೇ ಆಯಿತೆನ್ನಬೇಕು. ದಿನವೆಲ್ಲ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿದು ರಾತ್ರಿ ಹತ್ತು ಗಂಟೆಯ ತನಕ ಒಂದೇ ಪದದ ಒಂದೇ ಸಾಲನ್ನು ಇಪ್ಪತ್ತು ಸಾರಿ ತಿದ್ದಿಸಿಕೊಳ್ಳುವವನ ಶ್ರಮವನ್ನು ವಿಲಾಸವೆಂದು ಕರೆಯುವುದು ಹೇಗೆ?

ಆ ಶ್ರಮದ ಬಗೆಯನ್ನು ಅರಿಯದವರಿಗಾಗಿ ಸ್ವಲ್ಪ ವಿವರಿಸುವೆವು. ನಾಟಕವು ನಿಶ್ಚಯವಾದ ಮೇಲೆ ಅಭ್ಯಾಸವು ತಿಂಗಳುಗಟ್ಟಲೆ ನಡೆಯುತ್ತದೆ. ದೀಪ ಹಚ್ಚುವ ಹೊತ್ತಿಗೆ ಮೇಷ್ಟರು ಬಂದು ಪೆಟ್ಟಿಗೆಯನ್ನು ತೆರೆಯುತ್ತಾರೆ. ಪಾತ್ರಧಾರಿಗಳಲ್ಲಿ ಕೆಲವರಿಗೆ ಸ್ವರಲಿಪಿಯು ತಿಳಿಯದು. ಕೆಲವರಿಗೆ ಅಕ್ಷರವೂ ಅಷ್ಟಕ್ಕಷ್ಟೆ. ಎಲ್ಲವೂ ಕಿವಿಯಿಂದ ಕಿವಿಗೆ ದಾಟಬೇಕು. ಮೊದಲ ಕೆಲಸವು ಪ್ರತಿಯೊಬ್ಬನ ಶ್ರುತಿಯನ್ನು ಗೊತ್ತುಮಾಡುವುದು: ಈತನಿಗೆ ಕಪ್ಪು ಒಂದು, ಆತನಿಗೆ ಬಿಳಿ ಎರಡು, ಮತ್ತೊಬ್ಬನಿಗೆ ಇನ್ನೂ ಕೆಳಗೆ. ಭೀಮನ ಪಾತ್ರಕ್ಕೆ ಹಣ ಕಟ್ಟಿದವನ ಗಂಟಲು ತಾರಸ್ಥಾಯಿಗೆ ಏರದಿದ್ದರೆ ಮೇಷ್ಟರು ಆತನನ್ನು ನೋಯಿಸದೆ ಮಟ್ಟನ್ನೇ ತುಸು ಬಗ್ಗಿಸಬೇಕು. ತಾಳ ತಪ್ಪುವವನ ಕೈಯನ್ನು ಹಿಡಿದು ತೊಡೆಯ ಮೇಲೆ ಹಾಕಿಸಬೇಕು. ಎರಡು ತಿಂಗಳಾದ ಮೇಲೆ ಒಂದು ಸಂಜೆ, ಇದುವರೆಗೆ ಸಮವನ್ನು ಎಂದೂ ಸರಿಯಾಗಿ ಮುಟ್ಟದವನು ಅದನ್ನು ಮುಟ್ಟುತ್ತಾನೆ. ತಬಲೆಯವನು ತಲೆಯೆತ್ತಿ ನೋಡುತ್ತಾನೆ. ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಅಂದಿನಿಂದ ಆ ಮನುಷ್ಯನು ಸಂಗೀತವನ್ನು ಕೇಳುವ ರೀತಿಯೇ ಬೇರೆಯಾಗುತ್ತದೆ.

ಆಟದ ರಾತ್ರಿಯ ಸ್ಥಿತಿಯು ಮತ್ತೊಂದು. ಚಾವಡಿಯಲ್ಲಿ ನೂರು ಸಾರಿ ಸರಿಯಾಗಿ ಬಂದ ಪದವು ದೀಪದ ಬೆಳಕಿನಲ್ಲಿ, ಸಾವಿರ ಕಣ್ಣುಗಳ ಎದುರಿನಲ್ಲಿ ಬಾರದೆ ಹೋಗುತ್ತದೆ. ಬಾಯಿ ಒಣಗುತ್ತದೆ, ಉಸಿರು ಗಿಡ್ಡವಾಗುತ್ತದೆ, ಭಯದಿಂದ ಶ್ರುತಿಯು ಮೇಲಕ್ಕೆ ಓಡುತ್ತದೆ, ಕಾಲವು ಕುದುರೆಯಂತೆ ಧಾವಿಸುತ್ತದೆ. ಅನುಭವಶಾಲಿಗಳಾದ ಪಕ್ಕವಾದ್ಯದವರು ಆಗ ಮಾಡುವ ಉಪಕಾರವನ್ನು ಸಭೆಯು ಅರಿಯುವುದೇ ಇಲ್ಲ. ಹಾರ್ಮೋನಿಯಂ ಮೇಷ್ಟರು ಎಡೆಯ ವಾದನವನ್ನು ಒಂದು ಸುತ್ತು ಹೆಚ್ಚಿಸಿ ಗಾಯಕನಿಗೆ ಉಸಿರಾಡಲು ಅವಕಾಶ ಕೊಡುತ್ತಾರೆ. ಎತ್ತುಗಡೆಯ ಸ್ವರವನ್ನು ಬಲವಾಗಿ ಒತ್ತಿ ಹಿಡಿದು ದಾರಿ ತೋರಿಸುತ್ತಾರೆ. ತಬಲೆಯವನು ತನ್ನ ಚಮತ್ಕಾರಗಳನ್ನೆಲ್ಲ ಬದಿಗಿಟ್ಟು ಬರಿಯ ಠೇಕೆಯನ್ನು ಸ್ಪಷ್ಟವಾಗಿ ನುಡಿಸುತ್ತಾನೆ. ಹೀಗೆ ಇಬ್ಬರು ಕೂಡಿ ಒಬ್ಬನನ್ನು ದಡ ಸೇರಿಸುತ್ತಾರೆ. ಸಭೆಯು ‘ಒನ್ಸ್ ಮೋರ್’ ಎಂದು ಕೂಗುತ್ತದೆ. ಅಳಿಯನೋ ಭಾವಮೈದುನನೋ ರಂಗದ ಮೇಲೇರಿ ಹಾರ ಹಾಕಿ ನೋಟನ್ನು ಅಂಗಿಗೆ ಚುಚ್ಚುತ್ತಾನೆ. ಕುರುಕ್ಷೇತ್ರದ ಯುದ್ಧವು ಐದು ನಿಮಿಷ ನಿಲ್ಲುತ್ತದೆ. ಶಾಸ್ತ್ರಜ್ಞರಿಗೆ ಇದು ರಸಭಂಗವೆಂದು ಕಾಣಬಹುದು. ನಾವು ಅಷ್ಟು ಕಠಿಣರಾಗಲಾರೆವು.

ಮನೆಯಲ್ಲಿ ಒಬ್ಬನೇ ಕುಳಿತು ಹಾಡುವವನಿಗೂ ನಾಲ್ವರೊಡನೆ ಕೂಡಿ ಜನರೆದುರು ಹಾಡುವವನಿಗೂ ಇರುವ ಅಂತರವು ಇಲ್ಲಿಯೇ ಇದೆ. ಒಂಟಿಯಾಗಿ ಹಾಡುವವನು ತಪ್ಪಿದರೆ ನಿಲ್ಲಬಹುದು, ಹಿಂದಿರುಗಬಹುದು. ಮೇಳದಲ್ಲಿ ಹಾಗೆ ನಿಲ್ಲಲು ಶಕ್ಯವಿಲ್ಲ. ಅಲ್ಲಿ ತಪ್ಪನ್ನು ನುಂಗಿಕೊಂಡು ಮುಂದೆ ಸಾಗಬೇಕು. ಇನ್ನೊಬ್ಬನು ತಪ್ಪಿದಾಗ ಅವನನ್ನು ಹೊತ್ತುಕೊಂಡು ಹೋಗಬೇಕು. ತನ್ನ ವಾದ್ಯಕ್ಕಿಂತ ಪಕ್ಕದವನ ವಾದ್ಯವನ್ನು ಹೆಚ್ಚಾಗಿ ಕೇಳಬೇಕು. ಕರಾವಳಿಯ ತಾಳಮದ್ದಲೆಯ ಕೂಟಗಳಲ್ಲಿ ಬ್ಯಾಂಕಿನವರೂ ಶಾಲೆಯ ಅಧ್ಯಾಪಕರೂ ಅಡಿಕೆ ಕೃಷಿಕರೂ ಭಾಗವತರ ಎದುರು ಕುಳಿತು ಕಲಿಯುವುದೂ, ಗದಗು-ಧಾರವಾಡದ ಕಡೆ ಹನುಮಂತದೇವರ ಗುಡಿಯಲ್ಲಿ ಶನಿವಾರದ ಭಜನೆಗೆ ಕೂಡುವವರು ಕಲಿಯುವುದೂ ಇದೇ ಪಾಠವನ್ನು.

ಇಂಥ ಕೂಟಗಳಿಂದ ಕಲೆಗೆ ಬಂದ ಲಾಭವೇನು ಎಂದು ಕೇಳುವವರಿಗೆ ಉತ್ತರವು ದೂರವಿಲ್ಲ. ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಗದಗಿನ ಬೀದಿಗಳಲ್ಲಿ ಹೊರಟ ಭಜನೆಯ ಮೇಳಗಳನ್ನೂ ವಾದ್ಯದ ಮೆರವಣಿಗೆಗಳನ್ನೂ ಹಿಂಬಾಲಿಸಿ ಹೋಗಿ, ದಣಿದು ಎಲ್ಲಿಯೋ ಮಲಗಿಬಿಡುತ್ತಿದ್ದರು. ಬೇಸತ್ತ ತಂದೆಯು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಯಿಸಿದರೆಂಬ ಕಥೆಯನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಮಲ್ಲಿಕಾರ್ಜುನ ಮನಸೂರರು ಸಂಗೀತಕ್ಕೆ ಬಂದದ್ದು ಅಣ್ಣನ ನಾಟಕ ಮಂಡಳಿಯ ದಾರಿಯಿಂದ. ಆ ಮಂಡಳಿಯು ವೃತ್ತಿಯದು, ನಿಜ. ಆದರೆ ವೃತ್ತಿಯವರ ಎದುರಿಗೆ ಕುಳಿತು ರಾತ್ರಿ ಬೆಳಗುಮಾಡುತ್ತಿದ್ದ ಸಭೆಯು ಎಂಥದು? ತಾನೂ ಶ್ರಾವಣದಲ್ಲಿ ತಾಳ ಹಿಡಿದು ಕುಳಿತದ್ದರಿಂದ ಯಾವ ತಾನು ಕಷ್ಟದ್ದು, ಯಾವುದು ಸುಲಭದ್ದು ಎಂಬುದನ್ನು ಬಲ್ಲ ಸಭೆ. ಧಾರವಾಡದ ಸುತ್ತಿನಲ್ಲಿ ಅಷ್ಟು ಮಂದಿ ಮಹಾಗಾಯಕರು ಹುಟ್ಟಿದ್ದಕ್ಕೆ ಮಣ್ಣಿನ ಗುಣ, ನೀರಿನ ಗುಣ ಎಂದು ಹೇಳುವ ವಾಡಿಕೆಯುಂಟು. ಆ ಮಣ್ಣೆಂದರೆ ಹೆಸರಿಲ್ಲದ ಈ ಭಜನೆಯವರೇ ಎಂಬುದು ನಮ್ಮ ಅಭಿಪ್ರಾಯವು.

ರಾಷ್ಟ್ರದ ಕಾರ್ಯದಲ್ಲಿಯೂ ಇವರ ಪಾಲು ಸಣ್ಣದಲ್ಲ. 1893ರಲ್ಲಿ ಲೋಕಮಾನ್ಯ ತಿಲಕರು ಗಣೇಶೋತ್ಸವಕ್ಕೆ ಸಾರ್ವಜನಿಕ ಸ್ವರೂಪವನ್ನು ಕೊಟ್ಟಾಗ ಅದರ ಜೀವವಾಗಿದ್ದುದು ತರುಣರ ‘ಮೇಳ’ಗಳು. ಒಂದೇ ಬಗೆಯ ಉಡುಪು ಧರಿಸಿ, ಕೈಯಲ್ಲಿ ಸಣ್ಣ ಕೋಲುಗಳನ್ನೋ ತಾಳಗಳನ್ನೋ ಹಿಡಿದು, ಬೀದಿಯಲ್ಲಿ ಹಾಡುತ್ತ ನಡೆಯುವ ವಿದ್ಯಾರ್ಥಿಗಳ ಮೇಳಗಳವು. ಅವರಲ್ಲಿ ಗಾಯನವನ್ನು ವೃತ್ತಿಯಾಗಿ ಉಳ್ಳವರು ಇರಲಿಲ್ಲ. ದೇವರ ಪದದಲ್ಲಿ ದೇಶದ ಮಾತನ್ನು ಬೆರೆಸಿ ಹಾಡುತ್ತಿದ್ದ ಈ ಹುಡುಗರನ್ನು ಅಂದಿನ ಸರಕಾರವು ಸಂಶಯದ ದೃಷ್ಟಿಯಿಂದ ನೋಡಿದ್ದು ಸಹಜವೇ. 1930ರ ಉಪ್ಪಿನ ಸತ್ಯಾಗ್ರಹದ ದಿನಗಳಲ್ಲಿ ನಸುಕಿನಲ್ಲಿ ಎದ್ದು ಪ್ರಭಾತಫೇರಿ ಹೊರಡುತ್ತಿದ್ದವರೂ ಇಂಥವರೇ. ಅದಕ್ಕೂ ಮುಂಚೆ, 1924ರ ಡಿಸೆಂಬರಿನಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ಕೂಡಿದಾಗ ಕನ್ನಡ ನಾಡಿನ ಉದಯವನ್ನು ಹಾರೈಸುವ ಗೀತವು ಹಾಡಲ್ಪಟ್ಟಿತಷ್ಟೆ. ಅದನ್ನು ರಚಿಸಿದ ಹುಯಿಲಗೋಳ ನಾರಾಯಣರಾಯರು ಗದಗಿನ ವಕೀಲರು. ಕವಿತ್ವದಿಂದ ಹೊಟ್ಟೆ ಹೊರೆದವರಲ್ಲ. ಅದೇ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಹಾಡಿದವರಲ್ಲಿ ಗಂಗೂಬಾಯಿ ಹಾನಗಲ್ಲರೂ ಒಬ್ಬರು. ಆಗ ಅವರಿಗೆ ಹನ್ನೊಂದು ವರ್ಷ.

ಗಂಗೂಬಾಯಿಯವರ ಹೆಸರು ಬಂದಲ್ಲಿ ಒಂದು ಕಹಿಯಾದ ಮಾತನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಹವ್ಯಾಸಕ್ಕಾಗಿ ಹಾಡುವ ಸ್ವಾತಂತ್ರ್ಯವು ನಮ್ಮಲ್ಲಿ ಎಲ್ಲರಿಗೂ ಇರಲಿಲ್ಲ. ಮರ್ಯಾದಸ್ಥರೆನಿಸಿಕೊಂಡ ಮನೆಯ ಹೆಣ್ಣುಮಗಳು ಸಭೆಯಲ್ಲಿ ಹಾಡಿದರೆ ಅಪವಾದ. ಹಾಡುವ ಮನೆತನದಲ್ಲಿ ಹುಟ್ಟಿದವಳಿಗೆ ಹಾಡಿದ್ದಕ್ಕಾಗಿಯೇ ಅವಮಾನ. ಹಲಗೆ, ತಮಟೆಗಳನ್ನು ಬಾರಿಸುವುದು ಕೆಲವರಿಗೆ ಹುಟ್ಟಿನಿಂದ ಹೇರಲ್ಪಟ್ಟ ಬಿಟ್ಟಿ ಚಾಕರಿಯಾಗಿತ್ತು. ಅವರು ಬಾರಿಸಿದ ವಾದ್ಯಕ್ಕೆ ಊರ ದೇವರು ಮೆರೆಯಬೇಕು, ಅವರು ಮಾತ್ರ ಗುಡಿಯ ಹೊರಗೆ ನಿಲ್ಲಬೇಕು. ಇಂಥವರಲ್ಲಿ ಅನೇಕರು ಮುಂದೆ ಹಲಗೆಯನ್ನು ಕೈಯಿಂದ ಕೆಳಗಿಟ್ಟು, ನಾವು ಇನ್ನು ಬಾರಿಸುವುದಿಲ್ಲವೆಂದು ಹೇಳಿದ್ದು ನ್ಯಾಯವಾದ ಮಾತು. ಒತ್ತಾಯಕ್ಕಾಗಿ ನುಡಿಸಿದ್ದು ಎಂದಿಗೂ ಹವ್ಯಾಸವಾಗದು. ಇಂದು ತಮಟೆಯನ್ನು ಕಾಲೇಜಿನ ತರುಣ ತರುಣಿಯರು ತಾವಾಗಿಯೇ ಕೇಳಿ ಕಲಿಯುತ್ತಿರುವುದೂ, ಹಳ್ಳಿ ಪಟ್ಟಣಗಳೆರಡರಲ್ಲಿಯೂ ಹೆಣ್ಣುಮಕ್ಕಳ ಭಜನಾ ಮಂಡಳಿಗಳು ಹೆಚ್ಚುತ್ತಿರುವುದೂ ನಮಗೆ ಅತ್ಯಂತ ಸಂತೋಷದ ಸಂಗತಿಗಳು. ಆದರೆ ಆ ತರುಣರು ಕಲಿಸಿದವನ ಹೆಸರನ್ನು ಸಭೆಯಲ್ಲಿ ಹೇಳಬೇಕು. ಆತನನ್ನು ವೇದಿಕೆಯ ಮೇಲೆ ಕೂಡಿಸಬೇಕು.

ಈಗ ವಾದ್ಯದ ಮಾತು. ಹವ್ಯಾಸಿಗಳ ಮೇಳಕ್ಕೆ ಹಾರ್ಮೋನಿಯಂ ಇಲ್ಲದೆ ಗತಿಯಿಲ್ಲ. ಪ್ಯಾರಿಸ್ಸಿನಲ್ಲಿ ಕಾಲಿನಿಂದ ತಿದಿಯೊತ್ತುವ ವಾದ್ಯವಾಗಿ ಹುಟ್ಟಿದ ಇದನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿ, ನೆಲದ ಮೇಲೆ ಕುಳಿತು ನುಡಿಸುವ ಜನರಿಗೆ ಅನುಕೂಲಪಡಿಸಿದರು. ತಂತಿಯ ವಾದ್ಯದಂತೆ ಇದು ಘಳಿಗೆ ಘಳಿಗೆಗೂ ಶ್ರುತಿಗೆಡುವುದಿಲ್ಲ. ಎತ್ತಿನ ಬಂಡಿಯಲ್ಲಿ ಹೊತ್ತು ಹೋದರೂ ಕೆಡುವುದಿಲ್ಲ. ಅರ್ಧ ಮೈಲು ಕೇಳಿಸುತ್ತದೆ. ಆರು ತಿಂಗಳಲ್ಲಿ ಸಾಧಾರಣನೊಬ್ಬನು ಭಜನೆಗೆ ಸಾಥಿ ಕೊಡುವಷ್ಟು ಕಲಿಯಬಹುದು. ದೋಷವೂ ಉಂಟು: ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಇದರಲ್ಲಿ ಬಾರದು, ಗಮಕವು ಸಿದ್ಧಿಸದು, ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿದ ಶ್ರುತಿಯು ನಮ್ಮ ರಾಗಗಳ ಸೂಕ್ಷ್ಮಕ್ಕೆ ಒಗ್ಗದು. ಈ ದೋಷಗಳನ್ನು ಮುಂದಿಟ್ಟುಕೊಂಡು 1940ರಲ್ಲಿ ಆಕಾಶವಾಣಿಯು ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತು. ರವೀಂದ್ರನಾಥ ಠಾಕೂರರೂ ಅದನ್ನು ಬೆಂಬಲಿಸಿದರು. 1971ರವರೆಗೆ, ಎಂದರೆ ಮೂರು ದಶಕಗಳಿಗೂ ಮಿಕ್ಕು, ಆ ಬಾಗಿಲು ಮುಚ್ಚಿಯೇ ಇದ್ದಿತು. ಬಳಿಕ ತೆರೆದದ್ದೂ ಕೆಲವು ಕಟ್ಟುಪಾಡುಗಳೊಂದಿಗೆ.

ವಾದ್ಯದ ದೋಷವನ್ನು ಕುರಿತು ವಿದ್ವಾಂಸರು ಹೇಳಿದ್ದು ಸುಳ್ಳಲ್ಲ. ಆದರೆ ಒಂದು ವಿನೋದವನ್ನು ವಾಚಕರು ಗಮನಿಸಬೇಕು. ವಿದೇಶಿಯೆಂದು ದೂರಲ್ಪಟ್ಟ ಈ ಪೆಟ್ಟಿಗೆಯನ್ನು ಹೊರಗಿಟ್ಟ ಕಾಲಕ್ಕೆ ಆ ಸಂಸ್ಥೆಯ ಸೂತ್ರವಿದ್ದುದು ವಿದೇಶೀಯರ ಕೈಯಲ್ಲಿಯೇ. ಅದನ್ನು ಸ್ವದೇಶಿಯೆಂದು ಎದೆಗಪ್ಪಿಕೊಂಡಿದ್ದುದು ನಮ್ಮ ಹಳ್ಳಿಯ ಭಜನೆಯವರು. ಮೂವತ್ತು ವರುಷಗಳ ಬಹಿಷ್ಕಾರದಿಂದ ಒಂದಾದರೂ ಗುಡಿಯಲ್ಲಿ ಹಾರ್ಮೋನಿಯಂ ಮೌನವಾಯಿತೆಂದು ನಾವು ಕೇಳಿಲ್ಲ. ಹವ್ಯಾಸಿಯು ಸರಕಾರದ ಅಪ್ಪಣೆಯಿಂದ ನುಡಿಸುವವನಲ್ಲ. ಆದುದರಿಂದ ಅಪ್ಪಣೆಯಿಲ್ಲವೆಂದು ನಿಲ್ಲಿಸುವವನೂ ಅಲ್ಲ.

ದುಡಿಯುವ ಜನರು ಸಂಜೆ ಕೂಡಿ ಮೇಳ ಕಟ್ಟುವುದು ನಮ್ಮ ನಾಡಿಗೆ ಮಾತ್ರ ಸಲ್ಲುವ ಸಂಗತಿಯಲ್ಲ. ನಮ್ಮನ್ನು ಆಳಿದ ಇಂಗ್ಲೆಂಡಿನಲ್ಲಿಯೇ, ಆಳುವ ಸುಖವನ್ನು ಎಂದೂ ಕಾಣದ ಗಣಿ ಕೆಲಸದವರೂ ಗಿರಣಿಯವರೂ ಹಿತ್ತಾಳೆಯ ತುತೂರಿಗಳ ಬ್ಯಾಂಡುಗಳನ್ನು ಕಟ್ಟಿ ನೂರೈವತ್ತು ವರ್ಷಗಳಿಗೂ ಮೇಲಾಯಿತು. ಯಾರ್ಕ್‌ಶೈರಿನ ಬ್ಲ್ಯಾಕ್ ಡೈಕ್ ಗಿರಣಿಯ ಬ್ಯಾಂಡು 1855ರದು. ಮ್ಯಾಂಚೆಸ್ಟರಿನ ಬೆಲ್ ವ್ಯೂ ಉದ್ಯಾನದಲ್ಲಿ 1853ರಿಂದಲೇ ಈ ಬ್ಯಾಂಡುಗಳ ಪಂದ್ಯಗಳು ನಡೆಯುತ್ತಿದ್ದವು. ಹಿತ್ತಾಳೆಯ ವಾದ್ಯಗಳನ್ನೇ ಅವರು ಆರಿಸಿಕೊಂಡುದಕ್ಕೆ ಕಾರಣವುಂಟು. ಗಣಿಯಲ್ಲಿ ಒರಟಾದ ಬೆರಳುಗಳು ಪಿಟೀಲಿನ ತಂತಿಯ ಮೇಲೆ ಆಡುವುದು ಕಷ್ಟ. ಮೂರು ಗುಂಡಿಗಳನ್ನೊತ್ತುವುದು ಸುಲಭ. ಮಿಗಿಲಾಗಿ ಸಣ್ಣ ಕಾರ್ನೆಟ್ಟಿನಿಂದ ಹಿಡಿದು ದೊಡ್ಡ ಟ್ಯೂಬಾದ ವರೆಗೆ ಬೆರಳಿಡುವ ಕ್ರಮವು ಬಹುಮಟ್ಟಿಗೆ ಒಂದೇ. ಒಬ್ಬನು ಕಾಯಿಲೆ ಬಿದ್ದರೆ ಮತ್ತೊಬ್ಬನು ಅವನ ವಾದ್ಯವನ್ನು ಎತ್ತಿಕೊಳ್ಳಬಹುದು.

ಅದೇ ಯಾರ್ಕ್‌ಶೈರಿನ ಗ್ರೈಮ್‌ಥಾರ್ಪ್ ಎಂಬ ಗಣಿಯ ಊರಿನಲ್ಲಿ 1917ರಲ್ಲಿ ಒಂದು ಬ್ಯಾಂಡು ಹುಟ್ಟಿತು. 1992ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರಕಾರವು 31 ಕಲ್ಲಿದ್ದಲು ಗಣಿಗಳನ್ನು ಮುಚ್ಚುವುದಾಗಿ ಸಾರಿತು. ಗ್ರೈಮ್‌ಥಾರ್ಪಿನ ಗಣಿಯೂ ಆ ಪಟ್ಟಿಯಲ್ಲಿತ್ತು. ಕೆಲವೇ ದಿನಗಳಲ್ಲಿ ಲಂಡನ್ನಿನಲ್ಲಿ ನಡೆದ ರಾಷ್ಟ್ರೀಯ ಪಂದ್ಯದಲ್ಲಿ ಆ ಊರಿನ ಬ್ಯಾಂಡು ಪ್ರಥಮ ಸ್ಥಾನವನ್ನು ಪಡೆಯಿತು. ಮರುವರ್ಷ ಗಣಿಯು ಮುಚ್ಚಿಹೋಯಿತು, ಬ್ಯಾಂಡು ಉಳಿದುಕೊಂಡಿತು. ಉದ್ಯೋಗವೇ ಹೋದ ಊರಿನಲ್ಲಿ ವಾದ್ಯವು ಹೊಟ್ಟೆ ತುಂಬಿಸಲಿಲ್ಲವೆಂಬುದು ಸ್ಪಷ್ಟ. ಆದರೆ ಊರೆಂಬುದೊಂದು ಇನ್ನೂ ಇದೆಯೆಂದು ಹೇಳಲು ಅವರ ಕೈಯಲ್ಲಿ ಏನಾದರೂ ಉಳಿದಿದ್ದರೆ ಅದು ಆ ತುತೂರಿಗಳೇ.

ನಮ್ಮಲ್ಲಿ ಇದರ ವಿರುದ್ಧವಾದ ಕ್ರಮವು ನಡೆದಿರುವುದು ಶೋಚನೀಯ. ಊರು ಇದೆ, ಉದ್ಯೋಗವೂ ಇದೆ, ಕೈಯಲ್ಲಿ ಹಿಂದೆಂದಿಗಿಂತ ಹೆಚ್ಚು ಹಣವೂ ಇದೆ; ಮೇಳವು ಕರಗುತ್ತಿದೆ. ಮಂಗಳಾರತಿಯ ವೇಳೆಗೆ ಜಾಗಟೆ ಹೊಡೆಯಲು ಹುಡುಗರು ನಾಮುಂದು ತಾಮುಂದೆಂದು ಓಡಿ ಬರುತ್ತಿದ್ದ ಕಾಲವೊಂದಿತ್ತು. ಈಗ ಅನೇಕ ಗುಡಿಗಳ ಮೂಲೆಯಲ್ಲಿ ವಿದ್ಯುತ್ತಿನಿಂದ ನಡೆಯುವ ನಗಾರಿ-ಗಂಟೆಗಳ ಯಂತ್ರವೊಂದು ನಿಂತಿದೆ. ಅರ್ಚಕರು ಗುಂಡಿಯನ್ನು ಒತ್ತುತ್ತಾರೆ. ನಾಲ್ಕು ಕೋಲುಗಳು ತಾವಾಗಿಯೇ ಬಡಿದುಕೊಳ್ಳುತ್ತವೆ. ಭಕ್ತರು ಕೈಕಟ್ಟಿ ನಿಂತಿರುತ್ತಾರೆ. ಆ ಯಂತ್ರಕ್ಕೆ ದೇವರು ಒಲಿಯುವನೋ ಇಲ್ಲವೋ ನಾವರಿಯೆವು. ಒಂದು ಹುಡುಗನ ಕೈಗೆ ಲಯವು ಹತ್ತುವ ಮೊದಲ ಅವಕಾಶವನ್ನು ಅದು ಕಸಿದುಕೊಂಡಿತೆಂಬುದನ್ನು ಮಾತ್ರ ಬಲ್ಲೆವು. ಶ್ರಾವಣ ಸೋಮವಾರದ ಭಜನೆಯ ಸ್ಥಾನದಲ್ಲಿ ಧ್ವನಿಮುದ್ರಿಕೆಯು ಕೂಗುತ್ತದೆ. ಗೌರಿ ಗಣೇಶದ ಚಪ್ಪರದಲ್ಲಿ ಊರಿನವರ ಮೇಳವನ್ನು ಕರೆಯುವ ಬದಲು ಸಿನೆಮಾ ಪದಗಳನ್ನು ಕಿವಿ ಹರಿಯುವಂತೆ ಹಾಕಲಾಗುತ್ತದೆ.

ಯಂತ್ರವೆಲ್ಲವನ್ನೂ ನಾವು ಹಳಿಯುವವರಲ್ಲ. ವಿದ್ಯುತ್ತಿನ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ಬಳಕೆಗೆ ತಂದ ಜಿ. ರಾಜನಾರಾಯಣರು ಬೆಂಗಳೂರಿನ ಎಂಜಿನಿಯರರು, ತಾವೇ ಕೊಳಲು ನುಡಿಸುವವರು. ತಂಬೂರಿ ಮೀಟಲು ಜೊತೆಗಾರರಿಲ್ಲದ ಸಾವಿರಾರು ವಿದ್ಯಾರ್ಥಿಗಳಿಗೆ ಆ ಪೆಟ್ಟಿಗೆಯಿಂದ ಆದ ಉಪಕಾರವು ಅಪಾರ. ಅದು ಹಾಡುವವನಿಗೆ ನೆರವಾಗುತ್ತದೆ, ಅವನ ಸ್ಥಾನದಲ್ಲಿ ತಾನು ಕೂಡುವುದಿಲ್ಲ. ನಡುವೆ ನಿಂತಿರುವುದು ‘ಟ್ರ್ಯಾಕು’ ಎಂಬುದು. ನಿವೃತ್ತರಾದ ಹಿರಿಯರು ವಾರಕ್ಕೊಮ್ಮೆ ಕೂಡಿ ಸಿದ್ಧ ವಾದ್ಯಸಂಗೀತವನ್ನು ಹಾಕಿಕೊಂಡು ರಾಜಕುಮಾರರ ಪದಗಳನ್ನು ಹಾಡುವ ಕೂಟಗಳು ಪಟ್ಟಣಗಳಲ್ಲಿ ಹೇರಳವಾಗಿವೆ. ಹಾಡದಿರುವುದಕ್ಕಿಂತ ಇದು ಮೇಲು. ಆದರೆ ಟ್ರ್ಯಾಕು ಯಾರಿಗಾಗಿಯೂ ಕಾಯುವುದಿಲ್ಲ. ಹಾಡುವವನ ಉಸಿರು ಗಿಡ್ಡವಾದದ್ದು ಅದಕ್ಕೆ ತಿಳಿಯದು. ಒಂದು ಸುತ್ತು ಹೆಚ್ಚಿಗೆ ನುಡಿಸಿ ಅವನನ್ನು ಕಾಪಾಡಬೇಕೆಂಬ ದಯೆಯು ಅದಕ್ಕಿಲ್ಲ. ಆ ಕೂಟದವರಲ್ಲಿ ಇಬ್ಬರು ಹಾರ್ಮೋನಿಯಮ್ಮನ್ನೂ ಒಬ್ಬನು ತಬಲೆಯನ್ನೂ ಕಲಿತರೆ, ಮೊದಲ ವರ್ಷ ಸಂಗೀತವು ಕೆಡುವುದು ನಿಜ, ಎರಡನೆಯ ವರ್ಷಕ್ಕೆ ಅದು ಅವರದಾಗುವುದು.

ಖಾದಿಯನ್ನು ಕುರಿತು ಮಹಾತ್ಮರು ಹೇಳಿದ ತತ್ತ್ವವು ಇಲ್ಲಿಗೂ ಸಲ್ಲುತ್ತದೆ. ಗಿರಣಿಯ ಬಟ್ಟೆಯು ನುಣುಪು, ಕೈನೂಲಿನದು ಗಂಟುಗಂಟು. ಆದರೂ ನೂಲುವ ಕೈ ಮನೆಯಲ್ಲಿ ಇರಬೇಕೆಂದು ಅವರು ಹಟ ಹಿಡಿದರು. ಮುಂಬಯಿಯಲ್ಲೋ ಚೆನ್ನೈಯಲ್ಲೋ ಸಿದ್ಧವಾಗಿ ಬಂದ ನುಣುಪಾದ ಸಂಗೀತವನ್ನು ಹಗಲಿರುಳು ಕಿವಿಗೆ ತುಂಬಿಕೊಳ್ಳುವ ಮನೆಯಲ್ಲಿ ಒಬ್ಬರಾದರೂ ಗಂಟುಗಂಟಾಗಿ ಹಾಡುವವರು ಬೇಡವೆ? ದೂರದರ್ಶನದ ಹಾಡಿನ ಸ್ಪರ್ಧೆಗಳಿಂದ ಎಳೆಯರಲ್ಲಿ ಉತ್ಸಾಹವು ಹೆಚ್ಚಿದೆಯೆಂದು ಹೇಳುವರು. ಇರಬಹುದು. ಆದರೆ ಗೆಲ್ಲುವವನು ಒಬ್ಬನು. ಮೊದಲ ಸುತ್ತಿನಲ್ಲಿಯೇ ಹಿಂದಿರುಗಿ ತನಗೆ ಕಂಠವಿಲ್ಲವೆಂದು ತೀರ್ಮಾನಿಸಿ ಬಾಯಿ ಮುಚ್ಚಿಕೊಳ್ಳುವವರು ಎಷ್ಟು ಮಂದಿಯೋ. ಭಜನೆಯ ಕೂಟದಿಂದ ಕಂಠವಿಲ್ಲವೆಂದು ಯಾರನ್ನೂ ಹೊರಗೆ ಹಾಕಿದ್ದಿಲ್ಲ. ಹಾಡು ಬಾರದವನಿಗೆ ತಾಳವನ್ನು ಕೊಡುತ್ತಿದ್ದರು.

ಬೆಂಗಳೂರಿನ ತರುಣರು ಗಿಟಾರು, ಡ್ರಮ್ಮುಗಳನ್ನು ಹಿಡಿದು ‘ಬ್ಯಾಂಡು’ ಕಟ್ಟುವುದನ್ನು ಕಂಡು ನಮ್ಮ ಮಿತ್ರರಲ್ಲಿ ಕೆಲವರು ಮುಖ ಸಿಂಡರಿಸುವುದುಂಟು. ಪರದೇಶದ ವಾದ್ಯ, ಪರದೇಶದ ಗದ್ದಲವೆಂಬುದು ಅವರ ಆಕ್ಷೇಪ. ರಾಷ್ಟ್ರಾಭಿಮಾನದಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೂ ಈ ಆಕ್ಷೇಪವನ್ನು ಒಪ್ಪಲಾರೆವು. ಪಿಟೀಲು ಪರದೇಶದ್ದು, ಹಾರ್ಮೋನಿಯಂ ಪರದೇಶದ್ದು. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತು, ಅದರಿಂದ ಕರ್ನಾಟಕ ಸಂಗೀತದ ಗಮಕಗಳನ್ನು ಹೊರಡಿಸಿ, 1994ರಲ್ಲಿ ಲಂಡನ್ನಿನ ಪ್ರಾಮೆನೇಡ್ ಉತ್ಸವದಲ್ಲಿ ನುಡಿಸಿ ಬಂದರು. ದಿನವಿಡೀ ಗಣಕಯಂತ್ರದ ಮುಂದೆ ಕುಳಿತು ಕಣ್ಣು ಸವೆಸಿದ ತರುಣರು ಶನಿವಾರ ಬಾಡಿಗೆಯ ಕೋಣೆಯೊಂದರಲ್ಲಿ ಗಂಟೆಗಿಷ್ಟೆಂದು ಹಣ ತೆತ್ತು ಅಭ್ಯಾಸ ಮಾಡುತ್ತಾರೆ. ಮಂಡ್ಯದ ದುರ್ಯೋಧನನಿಗೂ ಇವರಿಗೂ ಭೇದವೇನು? 1996ರಿಂದ ಆ ನಗರದಲ್ಲಿ ಸ್ವಾತಂತ್ರ್ಯೋತ್ಸವದ ಸುಮಾರಿಗೆ ‘ಫ್ರೀಡಂ ಜಾಮ್’ ಎಂಬ ಹೆಸರಿನಲ್ಲಿ ಇಂಥ ಮೇಳಗಳು ಪ್ರವೇಶಧನವಿಲ್ಲದೆ ಜನರೆದುರು ನುಡಿಸುವ ಪದ್ಧತಿಯೊಂದು ಬೆಳೆದು ಬಂದಿತು. ಅವರು ಕನ್ನಡದಲ್ಲಿ ಇನ್ನಷ್ಟು ಹಾಡಲಿ ಎಂಬುದೊಂದೇ ನಮ್ಮ ಕೋರಿಕೆ. ದಾಸರ ಪದಗಳೂ ಷರೀಫರ ಪದಗಳೂ ಯಾವ ವಾದ್ಯಕ್ಕೂ ಅಂಜುವಂಥವಲ್ಲ.

ಇಷ್ಟು ಹೊಗಳಿದ ಮೇಲೆ ಹವ್ಯಾಸಿಗಳನ್ನು ಒಂದಿಷ್ಟು ಗದರಿಸುವ ಅಧಿಕಾರವು ನಮಗೆ ಬಂದಿದೆಯೆಂದು ಭಾವಿಸುತ್ತೇವೆ. ‘ಭಕ್ತಿಯಿದ್ದರೆ ಸಾಕು, ಶ್ರುತಿಯೇತಕ್ಕೆ’ ಎಂಬ ಮಾತನ್ನು ನಾವು ಬಹಳ ಸಾರಿ ಕೇಳಿದ್ದೇವೆ. ಅದು ಸೋಮಾರಿಯ ಮಾತು. ಗಳಿಕೆಗಾಗಿ ಹಾಡುವವನಲ್ಲವೆಂಬುದು ತಬಲೆಯನ್ನು ಶ್ರುತಿಗೂಡಿಸದೆ ಕೂಡುವುದಕ್ಕೆ ಸಮಾಧಾನವಾಗದು. ಎರಡು ದಿನದ ಅಭ್ಯಾಸದಿಂದ ವೇದಿಕೆ ಹತ್ತಿ, ನೆರೆಹೊರೆಯವರನ್ನು ದಾಕ್ಷಿಣ್ಯದಿಂದ ಎರಡು ತಾಸು ಕೂಡಿಸಿಕೊಳ್ಳುವುದು ಒಂದು ಬಗೆಯ ಹಿಂಸೆಯೇ ಸರಿ. ಧ್ವನಿವರ್ಧಕದ ಬಲದಿಂದ ಕಂಠದ ಬಲಹೀನತೆಯನ್ನು ಮುಚ್ಚುವುದಂತೂ ಈಚೆಗೆ ರೋಗದಂತೆ ಹರಡಿದೆ. ಇಪ್ಪತ್ತು ಜನ ಕುಳಿತ ಗುಡಿಯ ಅಂಗಳಕ್ಕೆ ನಾಲ್ಕು ದೊಡ್ಡ ಪೆಟ್ಟಿಗೆಗಳು ಏಕೆ ಬೇಕು? 2000ದ ಶಬ್ದಮಾಲಿನ್ಯ ನಿಯಮಗಳ ಮೇರೆಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕಗಳು ನಿಷಿದ್ಧವಾಗಿವೆ. ಇದರಿಂದ ಬೆಳಗಿನ ವರೆಗೆ ನಡೆಯುತ್ತಿದ್ದ ಬಯಲಾಟಗಳಿಗೆ ಅಡಚಣೆಯಾಯಿತೆಂಬ ಗೋಳಿನಲ್ಲಿ ಸತ್ಯಾಂಶವಿದೆ. ಆದರೆ ಆ ನಿಯಮವು ನಿಲ್ಲಿಸಿದ್ದು ಯಂತ್ರದ ಕೂಗನ್ನೇ ಹೊರತು ಕಂಠವನ್ನಲ್ಲ. ಎರಡು ನೂರು ಜನರಿಗೆ ಬರಿಯ ಕಂಠದಿಂದ ಕೇಳಿಸುವಂತೆ ಹಾಡುವುದನ್ನು ನಮ್ಮ ಅಜ್ಜಂದಿರು ಬಲ್ಲವರಾಗಿದ್ದರು.

ಇನ್ನು ಮಾಡತಕ್ಕದ್ದೇನು? ಹವ್ಯಾಸಿಗೆ ಪ್ರಶಸ್ತಿಯೂ ಬೇಡ, ಮಾಸಾಶನವೂ ಬೇಡ. ಅವನಿಗೆ ಬೇಕಾದುದು ಸಂಜೆ ಏಳರಿಂದ ಒಂಬತ್ತೂವರೆಯ ತನಕ ಒಂದು ಕೋಣೆ, ಒಂದು ದೀಪ, ಕೀಲಿ ಹಾಕಬಹುದಾದ ಒಂದು ಕಪಾಟು. ಹಳ್ಳಿಯಲ್ಲಿ ಹಿಂದೆ ಚಾವಡಿಯಿತ್ತು, ಗುಡಿಯ ಪೌಳಿಯಿತ್ತು. ಪಟ್ಟಣದ ಹೊಸ ಬಡಾವಣೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುವುದರಿಂದ ಒಬ್ಬನು ಮೃದಂಗ ಬಾರಿಸಿದರೆ ಮೂರು ಮನೆಯವರು ದೂರು ಕೊಡುತ್ತಾರೆ. ಅವರ ಮಕ್ಕಳಿಗೆ ಪರೀಕ್ಷೆ. ಆದರೆ ಅದೇ ಬಡಾವಣೆಯಲ್ಲಿ ಸರಕಾರಿ ಶಾಲೆಯೊಂದು ಸಂಜೆ ಐದಕ್ಕೆ ಬೀಗ ಹಾಕಿಕೊಂಡು ಬೆಳಗಿನ ತನಕ ಕತ್ತಲೆಯಲ್ಲಿ ನಿಂತಿರುತ್ತದೆ. ಗ್ರಾಮ ಪಂಚಾಯತಿಗಳ ಸಮುದಾಯ ಭವನಗಳು ಮದುವೆಯ ದಿನಗಳ ಹೊರತು ಬರಿದಾಗಿಯೇ ಇರುತ್ತವೆ. ಶಾಲೆಯ ಅಭಿವೃದ್ಧಿ ಸಮಿತಿಯವರೂ ಪಂಚಾಯತಿಯ ಸದಸ್ಯರೂ ಮನಸ್ಸು ಮಾಡಿದರೆ ವಾರಕ್ಕೆ ಎರಡು ಸಂಜೆ ಒಂದು ಕೋಣೆಯನ್ನು ಊರಿನ ಮೇಳಕ್ಕೆ ಬಿಟ್ಟುಕೊಡಲು ಹೊಸ ಕಾಯಿದೆಯ ಅವಶ್ಯಕತೆಯೇನೂ ಇಲ್ಲ. ಕೀಲಿಕೈ ಯಾರ ವಶದಲ್ಲಿರಬೇಕು, ಒಡೆದುದಕ್ಕೆ ಯಾರು ಹೊಣೆ, ದೀಪದ ಖರ್ಚನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗಳು ಏಳುವುವು. ಪಾತ್ರಕ್ಕಾಗಿ ಕೈಯಿಂದ ಹಣ ಎಣಿಸಿ ಕೊಡುವ ಜನರು ದೀಪದ ಖರ್ಚಿಗೆ ಹಿಂದೆಗೆಯುವವರಲ್ಲ. ಶ್ರಾವಣಕ್ಕೆ ಮುಂಚೆ ಒಂದೆರಡು ಊರಿನವರಾದರೂ ಈ ವಿಷಯವನ್ನು ತಮ್ಮ ಪಂಚಾಯತಿಯ ಸಭೆಯಲ್ಲಿ ಎತ್ತಲಿ. ಕೀಲಿಕೈಯನ್ನು ಇಟ್ಟುಕೊಳ್ಳಲು ಹಾರ್ಮೋನಿಯಂ ಮೇಷ್ಟರೇ ಆದೀತು.